ರೂಪ ಬದಲಿಸುವ ವೈರಾಣು: ಲಸಿಕೆ ಯಾತಕ್ಕೆ, ಮಾತ್ರೆ ಯಾವಾಗ?



ಕಾಲುಬಾಯಿ ಜ್ವರದ ಲಸಿಕೆ ಹಾಕಲು ನಾವು ಊರಿಗೆ ಬಂದಾಗ ಸಂಘದ ಮುಂದೆ ಸೇರುವ ಸದಸ್ಯರು ಈಚಿನ ವರ್ಷಗಳಲ್ಲಿ ದನದ ವಿಚಾರದ ಜೊತೆಗೆ ತಮ್ಮ ವಿಚಾರವನ್ನೂ ಕೇಳುತ್ತಾರೆ. "ಡಾಕ್ಟ್ರೇ, ದನಕ್ಕೆ ಆರು ತಿಂಗಳಿಗೊಂದು ಸಲ ಸೂಜಿ ಅಂತೀರಿ. ನಾವೂ ಕೊರೊನಾ ಸೂಜಿ ಎರಡು ಹಾಕಿಸ್ಕೊಂಡ್ವಿ. ಆಮೇಲೂ ಹೊಸ ಕೊರೊನಾ ಬಂತು ಅಂತಾರೆ. ಈಗ ಅದಕ್ಕೆ ಮಾತ್ರೆ ಬಂದಿದೆಯಂತೆ. ಮಾತ್ರೆ ಇದ್ದ ಮೇಲೆ ಸೂಜಿ ಯಾಕೆ?" ಕೊಳ್ಳೇಗಾಲದ ಕಡೆ, ಹನೂರಿನ ಕಡೆ, ಯಳಂದೂರಿನ ಕಡೆ, ಎಲ್ಲ ಕಡೆಯೂ ಇದೇ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ನಿಂತ ನಿಲುವಿನಲ್ಲಿ ಉತ್ತರ ಹೇಳಿ ಮುಗಿಸುವಂಥದ್ದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾನು ಪಶುವೈದ್ಯ. ಮನುಷ್ಯರಿಗೆ ಚಿಕಿತ್ಸೆ ಹೇಳುವವನಲ್ಲ. ಅದು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಕೆಲಸ. ಆದರೆ ವೈರಾಣುವಿನ ಸ್ವಭಾವ ಕೊಟ್ಟಿಗೆಯಲ್ಲಿಯೂ ಮನೆಯಲ್ಲಿಯೂ ಒಂದೇ. ದನ ಸಾಕುವವರಿಗೆ ಅದರ ಅನುಭವ ಆಗಲೇ ಇದೆ. ಆ ಅನುಭವದಿಂದಲೇ ಇದನ್ನು ತಿಳಿಯಬಹುದು.

ವೈರಾಣು ಎಂದರೇನು?

ಕೆಚ್ಚಲು ಬಾವು ಬಹುತೇಕ ಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಯಿಂದ ಬರುತ್ತದೆ. ಅದು ತಾನಾಗಿ ಬದುಕಿ ಬೆಳೆಯಬಲ್ಲದು. ಅದನ್ನು ಕೊಲ್ಲಲು ಆಂಟಿಬಯಾಟಿಕ್ ಔಷಧಿಗಳಿವೆ. ವೈರಾಣು ಹಾಗಲ್ಲ. ಅದು ಬ್ಯಾಕ್ಟೀರಿಯಾಕ್ಕಿಂತ ಬಹಳ ಚಿಕ್ಕದು; ತಾನಾಗಿ ಏನೂ ಮಾಡಲಾರದು. ನಮ್ಮ ಅಥವಾ ದನದ ಜೀವಕೋಶದ ಒಳಗೆ ಹೊಕ್ಕು, ಆ ಜೀವಕೋಶದಿಂದಲೇ ತನ್ನ ನಕಲುಗಳನ್ನು ಮಾಡಿಸಿಕೊಳ್ಳುತ್ತದೆ. ಕಾಲುಬಾಯಿ ಜ್ವರ, ಚರ್ಮಗಂಟು ರೋಗ, ಹುಚ್ಚುನಾಯಿ ರೋಗ, ಮನುಷ್ಯರ ಕೊರೊನಾ, ಇವೆಲ್ಲವೂ ವೈರಾಣುವಿನಿಂದ ಬರುವವು. ರೇಷ್ಮೆ ಸಾಕುವ ಸದಸ್ಯರಿಗೆ ಗೊತ್ತಿರುವ ಹಾಲುತೊಂಡೆ ರೋಗವೂ ಅಂಥದ್ದೇ. ಹುಳು ಹಾಲುತೊಂಡೆಗೆ ಬಿದ್ದ ಮೇಲೆ ಔಷಧಿ ಇಲ್ಲ, ಮೊದಲೇ ಸಾಕಣೆ ಮನೆಯನ್ನು ಶುದ್ಧಿ ಮಾಡಬೇಕು ಎಂಬುದು ನಿಮಗೆ ತಿಳಿದದ್ದೇ.

ಆದ್ದರಿಂದ ಮೊದಲ ಪಾಠ ಇದು: ಆಂಟಿಬಯಾಟಿಕ್ ಔಷಧಿ ವೈರಾಣುವನ್ನು ಕೊಲ್ಲುವುದಿಲ್ಲ. ಕಾಲುಬಾಯಿ ಜ್ವರ ಬಂದ ಹಸುವಿಗೆ ನಾವು ಆಂಟಿಬಯಾಟಿಕ್ ಕೊಡುವುದು ಬಾಯಿ ಮತ್ತು ಗೊರಸಿನ ಹುಣ್ಣಿಗೆ ಬೇರೆ ಸೋಂಕು ತಗಲದಿರಲಿ ಎಂದು ಮಾತ್ರ.

ಅದು ರೂಪ ಬದಲಿಸುವುದು ಹೇಗೆ?

ಸಂಘದ ಕಾರ್ಯದರ್ಶಿ ಹಾಲಿನ ಲೆಕ್ಕವನ್ನು ಒಂದು ಪುಸ್ತಕದಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಹೀಗೆ ಸಾವಿರ ಸಲ ನಕಲು ಮಾಡುತ್ತಾ ಹೋದರೆ ಎಲ್ಲೋ ಒಂದು ಕಡೆ ಅಂಕಿ ತಪ್ಪುತ್ತದೆ. ವೈರಾಣುವಿನ ನಕಲಿನಲ್ಲಿಯೂ ಹೀಗೇ ತಪ್ಪಾಗುತ್ತದೆ. ಹೆಚ್ಚಿನ ತಪ್ಪುಗಳಿಂದ ಏನೂ ಆಗುವುದಿಲ್ಲ, ಅಥವಾ ಆ ನಕಲೇ ಸಾಯುತ್ತದೆ. ಯಾವಾಗಲೋ ಒಂದು ತಪ್ಪು ಅದಕ್ಕೆ ಅನುಕೂಲವಾಗಿ ಬೀಳುತ್ತದೆ. ಬೇಗ ಹರಡುವ ಗುಣ ಬರುತ್ತದೆ. ಇಲ್ಲವೇ ಹೊರಮೈ ಬದಲಾಗಿ ದೇಹದ ರಕ್ಷಣಾ ಶಕ್ತಿಗೆ ಗುರುತು ಸಿಗದಂತಾಗುತ್ತದೆ. ಅದೇ ರೂಪಾಂತರಿ ತಳಿ.

ಕಾಲುಬಾಯಿ ಜ್ವರದ ವೈರಾಣುವಿನಲ್ಲಿ ಒಟ್ಟು 7 ಬಗೆಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಒಂದು ಬಗೆಯ ಲಸಿಕೆ ಇನ್ನೊಂದು ಬಗೆಯನ್ನು ತಡೆಯುವುದಿಲ್ಲ. ಅದಕ್ಕಾಗಿ ನಮ್ಮ ದೇಶದಲ್ಲಿ 'ಓ', 'ಎ', 'ಏಷ್ಯಾ-1' ಎಂಬ ಮೂರು ಬಗೆಗಳನ್ನು ಸೇರಿಸಿ ಲಸಿಕೆ ತಯಾರಿಸುತ್ತಾರೆ.

ಕೊರೊನಾ ವೈರಾಣು ನಮ್ಮ ಕಣ್ಣೆದುರೇ ಬದಲಾಯಿತು. ರಾಜ್ಯದಲ್ಲಿ 2020ರ ಮಾರ್ಚ್‌ನಲ್ಲಿ ರೋಗ ಕಾಣಿಸಿಕೊಂಡರೂ ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿ ಜೂನ್‌ವರೆಗೆ ಒಂದೂ ಪ್ರಕರಣ ಇರಲಿಲ್ಲ. "ನಮ್ಮ ಕಡೆಗೆ ಬರೋದಿಲ್ಲ ಬಿಡಿ" ಎಂದುಕೊಂಡಿದ್ದೆವು. 2021ರ ಏಪ್ರಿಲ್-ಮೇ ತಿಂಗಳಲ್ಲಿ 'ಡೆಲ್ಟಾ' ತಳಿ ಬಂದಾಗ ಏನಾಯಿತೆಂಬುದನ್ನು, ಮೇ ತಿಂಗಳ ಮೊದಲಲ್ಲಿ ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ಆಮ್ಲಜನಕ ಸಿಗದೆ ಆದ ಸಾವುಗಳನ್ನು, ಈ ಜಿಲ್ಲೆಯ ಯಾರೂ ಮರೆತಿಲ್ಲ. ಅದೇ ವರ್ಷ ನವೆಂಬರ್ ಕೊನೆಯಲ್ಲಿ ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿ ಪತ್ತೆಯಾದ 'ಒಮೈಕ್ರಾನ್' ತಳಿ ಭಾರತದಲ್ಲಿ ಮೊದಲು ಪತ್ತೆಯಾದದ್ದು ಬೆಂಗಳೂರಿನಲ್ಲಿಯೇ, 2021ರ ಡಿಸೆಂಬರ್ 2ರಂದು. ಆಮೇಲೆ ಬಂದ ತಳಿಗಳು ಬಹುತೇಕ ಈ ಒಮೈಕ್ರಾನ್‌ನ ಮಕ್ಕಳು, ಮೊಮ್ಮಕ್ಕಳು. 2023ರ ಕೊನೆಯಲ್ಲಿ ಸುದ್ದಿ ಮಾಡಿದ 'ಜೆ.ಎನ್.1' ಕೂಡ ಅದೇ ವಂಶದ್ದು.

ಲಸಿಕೆ ಏನು ಮಾಡುತ್ತದೆ?

ಲಸಿಕೆ ರೋಗ ವಾಸಿ ಮಾಡುವ ಔಷಧಿಯಲ್ಲ. ವೈರಿ ಬರುವ ಮುಂಚೆಯೇ ಅವನ ಗುರುತನ್ನು ದೇಹಕ್ಕೆ ಹೇಳಿಕೊಡುವ ಪಾಠ. ಆದ್ದರಿಂದಲೇ ರೋಗ ಬರುವ ಮೊದಲು ಹಾಕಿಸಬೇಕು. ಪಾಠ ಕಾಲಕ್ರಮದಲ್ಲಿ ಮರೆತೂ ಹೋಗುತ್ತದೆ. ಕಾಲುಬಾಯಿ ಜ್ವರದ ಲಸಿಕೆಯ ಶಕ್ತಿ ಸುಮಾರು 6 ತಿಂಗಳು. ಆಮೇಲೆ ಮತ್ತೆ ಹಾಕಿಸಲೇಬೇಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ವರ್ಷಕ್ಕೆ ಎರಡು ಸಲ ಲಸಿಕೆ ಎಂದು ನಿಗದಿ ಮಾಡಿರುವುದು ಇದಕ್ಕಾಗಿಯೇ.

"ಲಸಿಕೆ ಹಾಕಿದ ದನಕ್ಕೂ ರೋಗ ಬಂತಲ್ಲ?" ಎಂದು ಕೇಳುತ್ತೀರಿ. 2013ರಲ್ಲಿ ದಕ್ಷಿಣ ಕರ್ನಾಟಕದ ಜಿಲ್ಲೆಗಳಲ್ಲಿ ಕಾಲುಬಾಯಿ ಜ್ವರ ಹರಡಿ ಸಾವಿರಾರು ರಾಸುಗಳು ಸತ್ತದ್ದು ನಿಮಗೆ ನೆನಪಿರಬಹುದು. ಆಗ ನಾನು ಕೆಲಸಕ್ಕೆ ಸೇರಿ ಹೆಚ್ಚು ವರ್ಷವಾಗಿರಲಿಲ್ಲ. ಒಂದು ಊರಿನಲ್ಲಿ ಒಬ್ಬ ಸದಸ್ಯರ ಮನೆಯಲ್ಲಿ ಎರಡು ಮಿಶ್ರತಳಿ ಹಸುಗಳಿದ್ದವು. ಲಸಿಕೆಯ ದಿನ ಕರೆಯುವ ಹಸುವನ್ನು ಹೊರಗೆ ತಂದರು. ಗಬ್ಬದ ಹಸುವನ್ನು ಹಿತ್ತಲಲ್ಲಿ ಕಟ್ಟಿ, "ಅದಕ್ಕೆ ಬೇಡಿ ಸ್ವಾಮಿ, ಕಂದು ಹಾಕಿಬಿಡ್ತದೆ" ಎಂದರು. ಹಸು ಐದು ತಿಂಗಳ ಗಬ್ಬ, ಹಾಕಬಹುದಾಗಿತ್ತು. ಇನ್ನೂ ಹತ್ತು ಮನೆ ಬಾಕಿ ಇದ್ದವು. ನಾನೂ ಹೆಚ್ಚು ಹೇಳದೆ ಮುಂದಕ್ಕೆ ಹೋದೆ. ರೋಗ ಬಂದಾಗ ಎರಡಕ್ಕೂ ಬಂತು. ಲಸಿಕೆ ಹಾಕಿಸಿಕೊಂಡ ಹಸುವಿನ ಬಾಯಲ್ಲಿ ನಾಲ್ಕಾರು ಹುಣ್ಣು ಎದ್ದು, ವಾರದಲ್ಲಿ ಮೇವು ಹಿಡಿಯಿತು. ಗಬ್ಬದ ಹಸು ಕಂದು ಹಾಕಿ, ಗೊರಸು ಕಳಚಿ, ಒಂಬತ್ತನೆಯ ದಿನ ಸತ್ತಿತು. ಯಾವುದಕ್ಕೆ ಹೆದರಿ ಲಸಿಕೆ ಬೇಡವೆಂದರೋ ಅದೇ ಆಯಿತು. ಆ ದಿನ ಐದು ನಿಮಿಷ ನಿಂತು ತಿಳಿಯಹೇಳದ ತಪ್ಪು ನನ್ನದು. ಅಂದಿನಿಂದ ಯಾರ ಮನೆಯ ಮುಂದೆಯೂ ಅವಸರ ಮಾಡುವುದಿಲ್ಲ.

ಮನುಷ್ಯರಲ್ಲಿಯೂ ಇದೇ ನಡೆಯಿತು. ನಮ್ಮ ದೇಶದಲ್ಲಿ 2021ರ ಜನವರಿ 16ರಂದು ಕೋವಿಶೀಲ್ಡ್ ಮತ್ತು ಕೋವ್ಯಾಕ್ಸಿನ್ ಲಸಿಕೆಗಳನ್ನು ಹಾಕಲು ಆರಂಭಿಸಿದರು. ಅವು ಮೊದಲ ಮೂಲ ತಳಿಯನ್ನು ನೋಡಿ ತಯಾರಿಸಿದವು. ಒಮೈಕ್ರಾನ್ ಬರುವ ವೇಳೆಗೆ ವೈರಾಣುವಿನ ಹೊರಮೈಯ ಮುಳ್ಳುಗಳು ಬಹಳ ಬದಲಾಗಿದ್ದವು. ಹಾಗಾಗಿ ಲಸಿಕೆ ಹಾಕಿಸಿಕೊಂಡವರಿಗೂ ನೆಗಡಿ, ಜ್ವರ ಬಂತು. ಆದರೆ 2022ರ ಜನವರಿಯ ಅಲೆಯಲ್ಲಿ ಸೋಂಕಿತರು ಅಷ್ಟೊಂದು ಜನ ಇದ್ದರೂ ಹಿಂದಿನ ವರ್ಷದಂತೆ ಆಸ್ಪತ್ರೆಗಳು ತುಂಬಲಿಲ್ಲ. ಆ ತಳಿಯ ಗುಣವೂ ಸ್ವಲ್ಪ ಸೌಮ್ಯ. ಜೊತೆಗೆ ಲಸಿಕೆಯಿಂದಲೂ ಹಿಂದಿನ ಸೋಂಕಿನಿಂದಲೂ ದೇಹ ಕಲಿತಿದ್ದ ಪಾಠ ಕೆಲಸ ಮಾಡಿತು. ರೋಗವನ್ನು ಪೂರ್ತಿ ತಡೆಯದಿದ್ದರೂ ಪ್ರಾಣ ಉಳಿಸುವುದು ಲಸಿಕೆಯ ಮುಖ್ಯ ಲಾಭ.

ಹತ್ತಿರದ ಸಂಬಂಧಿಯ ಲಸಿಕೆಯೂ ಉಪಯೋಗಕ್ಕೆ ಬರುವುದುಂಟು. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ನಿಮ್ಮ ಹಸುಗಳಿಗೆ ನಾವು ಹಾಕಿದ್ದು ಮೇಕೆ ಸಿಡುಬಿನ ಲಸಿಕೆ. ಎರಡು ವೈರಾಣುಗಳೂ ಒಂದೇ ಕುಟುಂಬದವು. ವೈರಾಣು ತೀರಾ ದೂರ ಸರಿದಾಗ ಹೊಸ ಲಸಿಕೆಯೇ ಬೇಕಾಗುತ್ತದೆ. ಒಮೈಕ್ರಾನ್ ತಳಿಗೆಂದೇ ತಯಾರಿಸಿದ ಲಸಿಕೆಯೊಂದನ್ನು ಭಾರತದಲ್ಲಿಯೇ ಪುಣೆಯ ಸಂಸ್ಥೆಯೊಂದು 2023ರ ಜೂನ್‌ನಲ್ಲಿ ಹೊರತಂದಿತು.

ತೊಂದರೆಯೇ ಇಲ್ಲವೇ ಎಂದರೆ, ಇದೆ. ದನಕ್ಕೆ ಲಸಿಕೆ ಹಾಕಿದಾಗ ಒಂದೆರಡು ದಿನ ಜ್ವರ ಬಂದು ಹಾಲು ಸ್ವಲ್ಪ ಇಳಿಯಬಹುದು. ಮನುಷ್ಯರಿಗೂ ಮೈಕೈ ನೋವು, ಜ್ವರ ಸಾಮಾನ್ಯ. ಕೋವಿಶೀಲ್ಡ್‌ನಿಂದ ಅತಿ ವಿರಳವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆ ಕಂಡುಬಂದದ್ದೂ ನಿಜ. ಅದು ಕಾಣಿಸಿಕೊಳ್ಳುವುದು ಲಸಿಕೆ ಹಾಕಿಸಿಕೊಂಡ ಮೊದಲ ಕೆಲವು ವಾರಗಳಲ್ಲಿ. ವರ್ಷಗಳ ಹಿಂದೆ ಹಾಕಿಸಿಕೊಂಡವರು ಈಗ ಅದಕ್ಕೆ ಹೆದರಬೇಕಾಗಿಲ್ಲ.

ಮಾತ್ರೆ ಏನು ಮಾಡುತ್ತದೆ?

ಈಗ ಮಾತ್ರೆಯ ವಿಚಾರ. ಕೊರೊನಾ ವೈರಾಣುವಿನ ವಿರುದ್ಧ ಬಾಯಿಯ ಮೂಲಕ ತೆಗೆದುಕೊಳ್ಳುವ ಔಷಧಿಗಳಲ್ಲಿ ಎರಡು ಮುಖ್ಯವಾದವು.

ಒಂದನೆಯದು ಮೋಲ್ನುಪಿರಾವಿರ್. ಮೇಲೆ ಲೆಕ್ಕದ ಪುಸ್ತಕದ ನಕಲಿನ ಮಾತು ಹೇಳಿದೆನಲ್ಲ, ಅಲ್ಲಿಯೇ ಇದು ಕೈಹಾಕುತ್ತದೆ. ವೈರಾಣು ನಕಲು ಮಾಡಿಕೊಳ್ಳುವಾಗ ಸಾಲು ಸಾಲಿಗೂ ತಪ್ಪು ಬೀಳುವಂತೆ ಮಾಡುತ್ತದೆ. ಒಂದೆರಡು ತಪ್ಪಿನಿಂದ ಹೊಸ ತಳಿ ಹುಟ್ಟಬಹುದು. ಪುಸ್ತಕದ ತುಂಬ ತಪ್ಪಾದರೆ ಆ ಪುಸ್ತಕವೇ ಪ್ರಯೋಜನಕ್ಕೆ ಬಾರದು. ನಮ್ಮ ದೇಶದಲ್ಲಿ ಇದಕ್ಕೆ 2021ರ ಡಿಸೆಂಬರ್ 28ರಂದು ತುರ್ತು ಬಳಕೆಯ ಅನುಮತಿ ಸಿಕ್ಕಿತು. ಆದರೆ ಸುರಕ್ಷತೆಯ ಬಗ್ಗೆ ಸಂದೇಹಗಳಿದ್ದ ಕಾರಣ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2022ರ ಜನವರಿಯಲ್ಲಿ ಇದನ್ನು ರಾಷ್ಟ್ರೀಯ ಚಿಕಿತ್ಸಾ ಕ್ರಮದಲ್ಲಿ ಸೇರಿಸಲಿಲ್ಲ. ಗರ್ಭಿಣಿಯರಿಗೂ 18 ವರ್ಷದೊಳಗಿನವರಿಗೂ ಇದು ಸಲ್ಲದು.

ಎರಡನೆಯದು ನಿರ್ಮಾಟ್ರೆಲ್ವಿರ್, ಜೊತೆಗೆ ರಿಟೊನಾವಿರ್. ಇದನ್ನು ಹೀಗೆ ತಿಳಿಯಿರಿ. ವೈರಾಣುವಿನ ಬಿಡಿಭಾಗಗಳು ಮೊದಲು ಒಂದೇ ಉದ್ದನೆಯ ದಂಟಿನಂತೆ ತಯಾರಾಗುತ್ತವೆ. ಅದನ್ನು ತುಂಡು ತುಂಡಾಗಿ ಕತ್ತರಿಸಲು ವೈರಾಣುವಿನ ಬಳಿ ಒಂದು ಕತ್ತರಿ ಇದೆ. ಮೇವು ಕತ್ತರಿಸುವ ಯಂತ್ರದ ಬ್ಲೇಡಿಗೆ ಕಲ್ಲು ಸಿಕ್ಕಿಕೊಂಡರೆ ಯಂತ್ರ ನಿಲ್ಲುವಂತೆ, ನಿರ್ಮಾಟ್ರೆಲ್ವಿರ್ ಆ ಕತ್ತರಿಗೆ ಸಿಕ್ಕಿಕೊಳ್ಳುತ್ತದೆ. ಔಷಧಿ ದೇಹದಲ್ಲಿ ಬೇಗ ಕರಗಿಹೋಗದಂತೆ ರಿಟೊನಾವಿರ್ ತಡೆಯುತ್ತದೆ.

ರೂಪಾಂತರಿ ಬಂದರೂ ಈ ಮಾತ್ರೆಗಳು ಬಹುಮಟ್ಟಿಗೆ ಕೆಲಸ ಮಾಡುತ್ತಿರುವುದಕ್ಕೆ ಕಾರಣ ಇಷ್ಟೇ. ಸಂತೆಯಲ್ಲಿ ಹಸುವಿನ ಕೊಂಬು ಹೆರೆದು ಬಣ್ಣ ಬಳಿದರೆ ಗುರುತು ತಪ್ಪಬಹುದು. ಆದರೆ ಹಸು ಮೇಯುವುದು ಅದೇ ಬಾಯಿಯಿಂದ. ಲಸಿಕೆ ನೋಡುವುದು ಕೊಂಬನ್ನು, ಮಾತ್ರೆ ಹಿಡಿಯುವುದು ಬಾಯಿಯನ್ನು. ವೈರಾಣುವಿನ ಹೊರಮೈ ಬದಲಾದಷ್ಟು ಬೇಗ ಒಳಗಿನ ಯಂತ್ರ ಬದಲಾಗುವುದಿಲ್ಲ.

ಹಾಗಾದರೆ ಮಾತ್ರೆಯೇ ಸಾಕಲ್ಲವೇ? ಸಾಲದು. ಕಾರಣಗಳು ಮೂರು.

1. ಸಮಯ. ಈ ಮಾತ್ರೆಗಳನ್ನು ರೋಗದ ಲಕ್ಷಣ ಕಂಡ 5 ದಿನದೊಳಗೆ ಆರಂಭಿಸಬೇಕು. ಲಸಿಕೆ ಹಾಕಿಸಿಕೊಳ್ಳದ, ಅಪಾಯ ಹೆಚ್ಚಿರುವ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ನಿರ್ಮಾಟ್ರೆಲ್ವಿರ್ ಜೋಡಿ ಔಷಧಿಯನ್ನು 3 ದಿನದೊಳಗೆ ಕೊಟ್ಟಾಗ ಆಸ್ಪತ್ರೆ ಸೇರುವುದು ಮತ್ತು ಸಾವು ಶೇ. 89ರಷ್ಟು ಕಡಿಮೆಯಾಯಿತು. ಮೋಲ್ನುಪಿರಾವಿರ್‌ನಿಂದ ಸುಮಾರು ಶೇ. 30 ಮಾತ್ರ. ವೈರಾಣು ನಕಲಾಗಿ ಹರಡಿದ ಮೇಲೆ ನಕಲು ನಿಲ್ಲಿಸಿ ಫಲವಿಲ್ಲ. ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ, ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಹಳ್ಳಿಗಳಲ್ಲಿ ಇರುವವರಿಗೆ ಆಸ್ಪತ್ರೆಗೆ ಬರುವುದೇ ಒಂದು ದಿನದ ಕೆಲಸ. "ಮೂರು ದಿನ ಕಷಾಯ ಕುಡಿದು ನೋಡೋಣ" ಎಂದು ಕುಳಿತರೆ ಮಾತ್ರೆಯ ಕಾಲವೇ ಮುಗಿಯುತ್ತದೆ. ಲಸಿಕೆಯಾದರೋ ಮುಂಚೆಯೇ ಮೈಯಲ್ಲಿ ಇರುತ್ತದೆ.

2. ಎಲ್ಲರಿಗೂ ಬೇಕಾಗಿಲ್ಲ. ಇಂಗ್ಲೆಂಡ್ ಕಡೆ 25 ಸಾವಿರಕ್ಕೂ ಹೆಚ್ಚು ಜನರ ಮೇಲೆ ಮೋಲ್ನುಪಿರಾವಿರ್ ಪರೀಕ್ಷಿಸಿದರು. ಬಹುತೇಕ ಎಲ್ಲರೂ ಲಸಿಕೆ ಪಡೆದವರು. ಗುಣವಾಗುವುದು ಕೆಲವು ದಿನ ಬೇಗ ಆಯಿತೇ ಹೊರತು ಆಸ್ಪತ್ರೆ ಸೇರುವವರ ಮತ್ತು ಸಾಯುವವರ ಸಂಖ್ಯೆ ಕಡಿಮೆಯಾಗಲಿಲ್ಲ. ಯೂರೋಪಿನಲ್ಲಿ ಅನುಮತಿಗೆ ಹಾಕಿದ್ದ ಅರ್ಜಿಯನ್ನು ಕಂಪನಿಯೇ 2023ರಲ್ಲಿ ಹಿಂದಕ್ಕೆ ಪಡೆಯಿತು. ಅಂದರೆ ಲಸಿಕೆ ಪಡೆದ ಗಟ್ಟಿಮುಟ್ಟಾದ ಮನುಷ್ಯನಿಗೆ ಇಂಥ ಮಾತ್ರೆಯಿಂದ ದೊಡ್ಡ ಲಾಭವಿಲ್ಲ. ವಯಸ್ಸಾದವರು, ಸಕ್ಕರೆ ಕಾಯಿಲೆ, ಹೃದಯ ಅಥವಾ ಶ್ವಾಸಕೋಶದ ಕಾಯಿಲೆ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು, ಇಂಥವರಿಗೇ ವೈದ್ಯರು ಮಾತ್ರೆಯ ಯೋಚನೆ ಮಾಡುತ್ತಾರೆ.

3. ಬೇರೆ ಔಷಧಿಯೊಡನೆ ಜಗಳ. ರಿಟೊನಾವಿರ್ ಇದ್ದಾಗ ಕೊಬ್ಬು ಇಳಿಸುವ ಕೆಲವು ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ, ಹೃದಯ ಬಡಿತದ ಕೆಲವು ಮಾತ್ರೆಗಳು ದೇಹದಲ್ಲಿ ಹೆಚ್ಚಾಗಿ ಉಳಿದು ಅಪಾಯ ತರಬಹುದು. ಮೂತ್ರಪಿಂಡದ ತೊಂದರೆ ಇರುವವರಿಗೆ ಪ್ರಮಾಣವೇ ಬೇರೆ. ಆದ್ದರಿಂದ ಪಕ್ಕದ ಮನೆಯವರಿಗೆ ಬರೆದುಕೊಟ್ಟ ಚೀಟಿ ತೋರಿಸಿ ಅಂಗಡಿಯಿಂದ ತರಬಾರದು. ಉಳಿದ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡಬಾರದು.

ದನದ ಔಷಧಿ ಮನುಷ್ಯರಿಗಲ್ಲ

2021ರ ಮೇ ತಿಂಗಳಲ್ಲಿ ಒಂದು ಸಂಜೆ ಹನೂರು ಕಡೆಯ ಸದಸ್ಯರೊಬ್ಬರು ಫೋನು ಮಾಡಿದರು. "ಡಾಕ್ಟ್ರೇ, ಹಸುವಿಗೆ ಹುಳಕ್ಕೆ, ಉಣ್ಣೆಗೆ ಹಾಕ್ತೀರಲ್ಲ, ಆ ಇಂಜೆಕ್ಷನ್ ಒಂದು ಕೊಡಿ. ಕೊರೊನಾಗೆ ಅದೇ ಮದ್ದಂತೆ. ಅಪ್ಪನಿಗೆ ನಾಲ್ಕು ದಿನದಿಂದ ಜ್ವರ." ಅವರು ಕೇಳಿದ್ದು ಐವರ್‌ಮೆಕ್ಟಿನ್. ಅವರ ತಂದೆಗೆ ಎಪ್ಪತ್ತರ ಹತ್ತಿರ ವಯಸ್ಸು, ಸಕ್ಕರೆ ಕಾಯಿಲೆ ಬೇರೆ. ಔಷಧಿ ಕೊಡುವುದಿಲ್ಲ ಎಂದೆ. ಬೆರಳಿಗೆ ಹಾಕಿ ಆಮ್ಲಜನಕ ಅಳೆಯುವ ಯಂತ್ರ ಆಶಾ ಕಾರ್ಯಕರ್ತೆಯ ಹತ್ತಿರ ಇರುತ್ತದೆ, ಈಗಲೇ ನೋಡಿಸಿ ಎಂದೆ. 88 ಬಂತು. ಅದೇ ರಾತ್ರಿ ಆಸ್ಪತ್ರೆಗೆ ಸೇರಿಸಿದರು. ಹದಿನೆಂಟು ದಿನದ ಮೇಲೆ ಮನೆಗೆ ಬಂದರು. ಆ ಇಂಜೆಕ್ಷನ್ ನಂಬಿಕೊಂಡು ಮನೆಯಲ್ಲೇ ಇದ್ದಿದ್ದರೆ ಏನಾಗುತ್ತಿತ್ತೋ.

ಅವರನ್ನು ನಾನು ದೂರುವುದಿಲ್ಲ. ಆಗ ಸರ್ಕಾರದ ಚಿಕಿತ್ಸಾ ಮಾರ್ಗಸೂಚಿಯಲ್ಲಿಯೇ ಮನುಷ್ಯರ ಐವರ್‌ಮೆಕ್ಟಿನ್ ಮಾತ್ರೆಯ ಹೆಸರಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಅದನ್ನು ಕೈಬಿಟ್ಟರು. ಆಮೇಲೆ ನಡೆದ ದೊಡ್ಡ ಪರೀಕ್ಷೆಗಳಲ್ಲಿ ಅದರಿಂದ ಕೊರೊನಾಗೆ ಪ್ರಯೋಜನವಿಲ್ಲವೆಂದು ಖಚಿತವಾಯಿತು. ಹುಳಕ್ಕೆ, ಉಣ್ಣೆಗೆ ಅದು ಒಳ್ಳೆಯ ಔಷಧಿ, ವೈರಾಣುವಿಗಲ್ಲ. ಅದೂ ದನದ ಇಂಜೆಕ್ಷನ್ ತಯಾರಾಗುವುದು 300-400 ಕಿಲೋ ತೂಗುವ ಪ್ರಾಣಿಯ ಲೆಕ್ಕದಲ್ಲಿ. ಹಾಲು ಕರೆಯುವ ಹಸುವಿಗೇ ಅದನ್ನು ಪಶುವೈದ್ಯರ ಸಲಹೆ ಇಲ್ಲದೆ ಕೊಡಬಾರದು, ಏಕೆಂದರೆ ಅದರ ಅಂಶ ಹಾಲಿನಲ್ಲಿ ಬರುತ್ತದೆ.

ಹಸುವಿನಿಂದ ಕೊರೊನಾ ಬರುತ್ತದೆಯೇ?

ಹಸುಗಳಿಗೂ ಒಂದು ಕೊರೊನಾ ವೈರಾಣು ಇದೆ. ಅದು ಬೇರೆ. ಎಳೆಗರುಗಳಲ್ಲಿ, ಮುಖ್ಯವಾಗಿ ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ, ನೀರಿನಂಥ ಭೇದಿ ತರುತ್ತದೆ. ಅದರಿಂದ ಮನುಷ್ಯರಿಗೆ ಕೋವಿಡ್ ಬರುವುದಿಲ್ಲ. ಹಾಲಿನಿಂದಲೂ ಕೋವಿಡ್ ಹರಡುವುದಿಲ್ಲ. ಭೇದಿ ಬಂದ ಕರುವಿಗೆ ಮೊದಲು ಬೇಕಾದದ್ದು ಉಪ್ಪು-ಸಕ್ಕರೆಯ ಜೀವಜಲ, ಜೊತೆಗೆ ಪಶುವೈದ್ಯರ ಸಲಹೆ. ಕರು ಹುಟ್ಟಿದ ಎರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಲು ಆರಂಭಿಸಿ, ಮೊದಲ ದಿನ ಅದರ ತೂಕದ ಹತ್ತನೇ ಒಂದು ಭಾಗದಷ್ಟು ಕುಡಿಸಿ. 25 ಕಿಲೋ ಕರುವಿಗೆ ಎರಡೂವರೆ ಲೀಟರ್. ಕರುವಿಗೆ ತಾಯಿ ಕೊಡುವ ಮೊದಲ ರಕ್ಷಣೆ ಅದು. ಗಿಣ್ಣನ್ನು ಪೂರ್ತಿ ನೆಂಟರಿಗೆ ಹಂಚಿ ಕರುವನ್ನು ಬರಿಗೈ ಮಾಡಬೇಡಿ.

ನೆನಪಿಡಬೇಕಾದ ಅಂಶಗಳು

1. ಕರುವಿಗೆ 4 ತಿಂಗಳಾದ ಮೇಲೆ ಮೊದಲ ಕಾಲುಬಾಯಿ ಲಸಿಕೆ, ಒಂದು ತಿಂಗಳಿಗೆ ಇನ್ನೊಂದು, ಆಮೇಲೆ 6 ತಿಂಗಳಿಗೊಮ್ಮೆ ತಪ್ಪದೆ ಹಾಕಿಸಿ.

2. ತುಂಬುಗಬ್ಬದ ಹಸುವಿದ್ದರೆ ಬಚ್ಚಿಡಬೇಡಿ, ನಮಗೆ ತಿಳಿಸಿ. ಆ ಸಲ ಬಿಟ್ಟರೂ ಕರು ಹಾಕಿದ ಮೇಲೆ ಗುರುತಿಟ್ಟು ಹಾಕುತ್ತೇವೆ.

3. ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಯೇ ಇಡಬೇಕು. ಶೈತ್ಯಪೆಟ್ಟಿಗೆ ಇಲ್ಲದೆ ಯಾರಾದರೂ ಜೇಬಿನಲ್ಲಿ ತಂದರೆ ಹಾಕಿಸಬೇಡಿ. ಹಾಲು ತಣಿಸುವುದರ ಬೆಲೆ ಗೊತ್ತಿರುವ ನಿಮಗೆ ಇದನ್ನು ಹೆಚ್ಚಿಗೆ ಹೇಳಬೇಕಾಗಿಲ್ಲ.

4. ಸಂತೆಯಿಂದ ಅಥವಾ ಗಡಿಯಾಚೆಯಿಂದ ತಂದ ರಾಸನ್ನು ಎರಡು ಮೂರು ವಾರ ಬೇರೆ ಕಟ್ಟಿ.

5. ಮನೆಯಲ್ಲಿ 60 ದಾಟಿದವರು, ಸಕ್ಕರೆ ಅಥವಾ ಹೃದಯದ ಕಾಯಿಲೆಯವರು ಇದ್ದರೆ ಕೊರೊನಾ ಲಸಿಕೆಯ ಇನ್ನೊಂದು ಡೋಸು ಬೇಕೇ ಎಂಬುದನ್ನು ವೈದ್ಯರಲ್ಲಿ ಕೇಳಿ. ಅವರು ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಡಿ.

6. ಇಂಥವರಿಗೆ ಜ್ವರ, ಕೆಮ್ಮು ಬಂದರೆ ಮೊದಲ ದಿನದಿಂದಲೇ ದಿನ ಎಣಿಸಿ. ಎರಡನೆಯ ದಿನವೇ ವೈದ್ಯರಿಗೆ ತೋರಿಸಿ. ಉಸಿರು ಕಟ್ಟಿದರೆ, ಅಥವಾ ಆಮ್ಲಜನಕ 94ಕ್ಕಿಂತ ಇಳಿದರೆ, ಮಾತ್ರೆಗಾಗಿ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

7. ದನದ ಔಷಧಿ ದನಕ್ಕೆ, ಮನುಷ್ಯರ ಔಷಧಿ ಮನುಷ್ಯರಿಗೆ.

ಬಂಧುಗಳೇ, ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಕೊರೊನಾದ ಜಾಗತಿಕ ತುರ್ತು ಪರಿಸ್ಥಿತಿ ಮುಗಿಯಿತೆಂದು ಸಾರಿತು. ತುರ್ತು ಮುಗಿಯಿತೇ ಹೊರತು ವೈರಾಣು ಮುಗಿದಿಲ್ಲ. ಕಾಲುಬಾಯಿ ಜ್ವರದಂತೆ ಅದೂ ನಮ್ಮ ನಡುವೆಯೇ ಉಳಿದಿದೆ. ಲಸಿಕೆ ಕೊಟ್ಟಿಗೆಯ ಬೇಲಿ, ಮಾತ್ರೆ ಬೇಲಿ ಹಾರಿ ಬಂದದ್ದನ್ನು ಅಟ್ಟುವ ಕೋಲು. ಕೋಲು ಕೈಯಲ್ಲಿದೆಯೆಂದು ಬೇಲಿ ಕಿತ್ತವರು ಯಾರೂ ಇಲ್ಲ. ಮುಂದಿನ ಸಲ ಲಸಿಕೆ ಹಾಕಲು ನಮ್ಮ ತಂಡ ಬಂದಾಗ ನಿಮ್ಮ ಎಲ್ಲ ರಾಸುಗಳನ್ನೂ ಹೊರಗೆ ಕಟ್ಟಿರಿ. ಅನುಮಾನವಿದ್ದರೆ ಕೇಳಿ. ನಿಂತು ಉತ್ತರ ಹೇಳಿಯೇ ಮುಂದಿನ ಮನೆಗೆ ಹೋಗುತ್ತೇವೆ.